ಎರಡು ಡಿಸ್ಕ್ ಇರೋ ಕಂಪ್ಯೂಟರ್‌ಗೆ ಲಿನಕ್ಸ್ ಹಾಕಿಸ್ತಿದ್ದೀರಾ? ದುಡ್ಡು ಕೊಡೋ ಮುಂಚೆ ಇದನ್ನು ಓದಿ

ಬರೆಯೋಕೆ ನಾಚಿಕೆ ಆಗುತ್ತಿದೆ. ಆದರೂ ಬರೆಯುತ್ತೇನೆ, ಯಾಕಂದ್ರೆ ನನಗೆ ಲಿನಕ್ಸ್ ಹಾಕಿಕೊಟ್ಟ ಕಂಪ್ಯೂಟರ್ ಅಂಗಡಿಯವನು ನಾಳೆ ಇನ್ನೊಬ್ಬರಿಗೂ ಇದನ್ನೇ ಮಾಡುತ್ತಾನೆ.

ನನ್ನ ಡೆಸ್ಕ್‌ಟಾಪ್‌ನಲ್ಲಿ ವಿಂಡೋಸ್ ಇರುವ ಹಳೇ ಹಾರ್ಡ್ ಡಿಸ್ಕ್ ಇತ್ತು. ಹೊಸ ಎಸ್‌ಎಸ್‌ಡಿ ಕೂರಿಸಿ, ಅದಕ್ಕೆ ಉಬುಂಟು 22.04 (ಲಿನಕ್ಸ್‌ನ ಒಂದು ಬಗೆ) ಹಾಕಿಕೊಡಿ ಎಂದು ಆತನಿಗೆ ಕೊಟ್ಟೆ. ಒಂದು ಮಾತು ಮೂರು ಸಲ ಹೇಳಿದ್ದೆ: "ಹಳೇ ಡಿಸ್ಕ್ ತೆಗೆದು ತಮ್ಮನಿಗೆ ಕೊಡ್ತೀನಿ. ಎಲ್ಲಾ ಹೊಸದರಲ್ಲೇ ಇರಬೇಕು." ಬೂಟ್‌ಲೋಡರ್ (ಕಂಪ್ಯೂಟರ್ ಆನ್ ಆದಾಗ ಉಬುಂಟುವನ್ನು ಶುರು ಮಾಡುವ ಪುಟ್ಟ ಪ್ರೋಗ್ರಾಂ) ಯಾವ ಡಿಸ್ಕ್‌ಗೆ ಎಂದು ಇನ್‌ಸ್ಟಾಲರ್ ಕೇಳುವಲ್ಲಿ ಆತ ಎಸ್‌ಡಿಬಿ, ಅಂದ್ರೆ ಹೊಸ ಡಿಸ್ಕ್, ಆರಿಸಿ, ಮಾನಿಟರ್ ನನ್ನ ಕಡೆ ತಿರುಗಿಸಿದ. "ನೋಡಿ ಮೇಡಂ, ಹೊಸದಕ್ಕೇ ಹಾಕ್ತಿದ್ದೀನಿ." ನಂಬಿದೆ. 1,200 ರೂಪಾಯಿ ಕೊಟ್ಟೆ.

ಎರಡು ತಿಂಗಳು ಚೆನ್ನಾಗೇ ಓಡಿತು. ತಮ್ಮ ಬಂದ, ಹಳೇ ಡಿಸ್ಕ್ ಬಿಚ್ಚಿಕೊಂಡು ಹೋದ, ಫಾರ್ಮ್ಯಾಟ್ ಮಾಡಿದ. ರಾತ್ರಿ ಆನ್ ಮಾಡಿದರೆ ಕಪ್ಪು ಪರದೆ. ಬೂಟ್ ಆಗುವ ಡಿವೈಸೇ ಇಲ್ಲವಂತೆ! ಜಿಎಸ್‌ಟಿ ಲೆಕ್ಕವೆಲ್ಲಾ ಅದರಲ್ಲೇ ಇದೆ. ಕೈಕಾಲು ಆಡಲಿಲ್ಲ.

ಫೋನ್ ಮಾಡಿದೆ. "ಹಳೇದನ್ನ ಯಾಕೆ ತೆಗೆದ್ರಿ ಮೇಡಂ?" ಮೂರು ಸಲ ಹೇಳಿದ್ದೆನಲ್ಲ! "ಹಾಗಾದ್ರೆ ಎಸ್‌ಎಸ್‌ಡಿ ಹೋಗಿರತ್ತೆ. ಡೇಟಾ ತೆಗೆಯೋಕೆ 4,000 ಆಗತ್ತೆ." ಡಿಸ್ಕ್ ಕಣ್ಣಲ್ಲೂ ನೋಡಿಲ್ಲ, ಆಗಲೇ ಹೋಗಿದೆ ಅಂತಾನೆ. ನಾನು ಹ್ಞೂಂ ಅಂದುಬಿಟ್ಟೆ. ಈಗಲೂ ಹೊಟ್ಟೆ ಉರಿಯುವುದು ಅದಕ್ಕೇ.

ಪುಣ್ಯಕ್ಕೆ, ಅಂಗಡಿಗೆ ಒಯ್ಯುವ ಮುಂಚೆ ತಮ್ಮನ ಕ್ಲಾಸ್‌ಮೇಟ್ ಪೆನ್‌ಡ್ರೈವ್‌ನಿಂದ ಬೂಟ್ ಮಾಡಿ ನೋಡಿದ. ನನ್ನ ಫೈಲ್‌ಗಳೆಲ್ಲಾ ಇವೆ. ಒಂದೂ ಹೋಗಿಲ್ಲ. ಎಸ್‌ಎಸ್‌ಡಿಯಲ್ಲಿ ಬೂಟ್‌ಲೋಡರ್‌ಗೆಂದೇ ಮಾಡಿದ್ದ 512 ಎಂಬಿಯ ಇಎಫ್‌ಐ ಪಾರ್ಟಿಶನ್ (ಡಿಸ್ಕ್‌ನ ಒಂದು ಪುಟ್ಟ ಭಾಗ) ತೆರೆದ. ಖಾಲಿ. ಒಂದು ಫೋಲ್ಡರ್ ಕೂಡ ಇಲ್ಲ! ಬೂಟ್‌ಲೋಡರ್ ಹೋಗಿ ಕೂತಿದ್ದು ತಮ್ಮ ಅಳಿಸಿಹಾಕಿದ ಹಳೇ ಡಿಸ್ಕ್‌ನಲ್ಲಿ. ಯುಇಎಫ್‌ಐ ಮೋಡ್‌ನಲ್ಲಿ (ಈಗಿನ ಕಂಪ್ಯೂಟರ್‌ಗಳು ಬೂಟ್ ಆಗುವ ರೀತಿ) ನಾವು ಯಾವ ಡಿಸ್ಕ್ ಆರಿಸಿದರೂ ಉಬುಂಟು 22.04ರ ಇನ್‌ಸ್ಟಾಲರ್ ಮೊದಲು ಸಿಕ್ಕ ಇಎಫ್‌ಐ ಪಾರ್ಟಿಶನ್‌ಗೇ ಬರೆದುಬಿಡುತ್ತದೆ. 2014ರಲ್ಲೇ ವರದಿಯಾದ ದೋಷ ಇದು. ದಿನಾ ಇದೇ ಕೆಲಸ ಮಾಡುವವನಿಗೆ ಗೊತ್ತಿರಬೇಕು, ಅಲ್ವಾ? ಹೋಗಲಿ, ಗೊತ್ತಿಲ್ಲ ಅಂದ್ಕೊಳ್ಳೋಣ. ಒಂದೇ ಒಂದು ಸಲ ಹಳೇದರ ಕೇಬಲ್ ಕಿತ್ತು ಆನ್ ಮಾಡಿದ್ದರೆ ಅಲ್ಲೇ ಗೊತ್ತಾಗುತ್ತಿತ್ತು. ಅಷ್ಟೂ ಮಾಡಲಿಲ್ಲ. ಸುಮ್ನೆ ಮಾನಿಟರ್ ತಿರುಗಿಸಿ ತೋರಿಸಿದ.

ಹುಡುಗ ಆ ಖಾಲಿ ಪಾರ್ಟಿಶನ್‌ಗೆ ಗ್ರಬ್ (ಉಬುಂಟುವಿನ ಬೂಟ್‌ಲೋಡರ್) ಹಾಕಿ, ಎಫ್‌ಎಸ್‌ಟ್ಯಾಬ್‌ನಲ್ಲಿ (ಯಾವ ಪಾರ್ಟಿಶನ್ ಬಳಸಬೇಕು ಎಂದು ಪಟ್ಟಿ ಇರುವ ಫೈಲ್) ಇದ್ದ ಹಳೇ ಪಾರ್ಟಿಶನ್‌ನ ಗುರುತಿನ ಸಂಖ್ಯೆ, ಅಂದ್ರೆ ಯುಯುಐಡಿ, ಬದಲಿಸಿದ. ಅರ್ಧ ಗಂಟೆ ಹಿಡಿಯಿತು. 4,000 ಕೇಳಿದ್ದು ಇದಕ್ಕೆ.

ಇನ್‌ಸ್ಟಾಲ್ ಮಾಡುವಾಗ ಉಳಿದ ಡಿಸ್ಕ್‌ಗಳ ಕೇಬಲ್ ನಿಮ್ಮ ಕಣ್ಣೆದುರೇ ಕೀಳಿಸಿ. ಆಗಲ್ಲ ಅಂದ್ರೆ ಜಿಪಾರ್ಟೆಡ್ ಎಂಬ ಪಾರ್ಟಿಶನ್ ಪ್ರೋಗ್ರಾಂನಲ್ಲಿ ಅವುಗಳ ಇಎಸ್‌ಪಿ ಫ್ಲ್ಯಾಗ್ (ಇದು ಇಎಫ್‌ಐ ಪಾರ್ಟಿಶನ್ ಎಂದು ತೋರಿಸುವ ಗುರುತು) ತೆಗೆಸಿ, ಕೆಲಸ ಮುಗಿದ ಮೇಲೆ ವಾಪಸ್ ಹಾಕಿಸಿ. ಹೊಸ ಡಿಸ್ಕ್ ಒಂದರಿಂದಲೇ ಬೂಟ್ ಆಗುವ ತನಕ ಒಂದು ರೂಪಾಯಿ ಕೊಡಬೇಡಿ.

ಖಾಲಿ ಪಾರ್ಟಿಶನ್‌ನ ಫೋಟೋ ಆತನಿಗೆ ಕಳಿಸಿದೆ. "ಈಗ ಸರಿ ಆಯ್ತಲ್ಲ ಮೇಡಂ, ಬಿಡಿ" ಅಂತ ಉತ್ತರ ಬಂತು. ಆಮೇಲೆ ಫೋನ್ ಎತ್ತಿಲ್ಲ.