ಸಣ್ಣ ಸ್ಟೀರಿಯೊ ಸೆಟ್: ವರ್ಷಗಟ್ಟಲೆ ಬಳಸಿದ ಮೇಲೆ ಕಾಣುವ ಗುಣ-ದೋಷ

ನಡುವೆ ಒಂದು ಪುಟ್ಟ ಯೂನಿಟ್, ಜೊತೆಗೆ ಎರಡು ಬಿಡಿ ಸ್ಪೀಕರ್. ಸಿಡಿ, ಎಫ್‌ಎಂ, ಬ್ಲೂಟೂತ್, ಯುಎಸ್‌ಬಿ, ಆಕ್ಸ್ (ಮೊಬೈಲನ್ನೋ ಲ್ಯಾಪ್‌ಟಾಪನ್ನೋ ವೈರಿನಿಂದ ಜೋಡಿಸುವ ಕಿಂಡಿ). ಕಡಿಮೆ ಬೆಲೆಯ ಮೈಕ್ರೋ ಸ್ಟೀರಿಯೊ ಎಂದರೆ ಬಹುಪಾಲು ಇಷ್ಟೇ. ಇದರ ಅತಿ ದೊಡ್ಡ ಗುಣ ಆ ಬಿಡಿ ಸ್ಪೀಕರ್‌ಗಳೇ. ಅವನ್ನು ಒಂದೂವರೆ ಮೀಟರ್ ಅಂತರದಲ್ಲಿ, ಕೂತವರ ಕಿವಿಯ ಎತ್ತರಕ್ಕೆ ಇಟ್ಟು, ಸುಮಾರು ಅಷ್ಟೇ ದೂರದಲ್ಲಿ ಕೂತು ಕೇಳಿ. ಹಾಡುವವರ ದನಿ ನಟ್ಟನಡುವೆ ನಿಲ್ಲುತ್ತದೆ, ವಾದ್ಯಗಳು ಎರಡೂ ಬದಿಗೆ ಹರಡಿಕೊಳ್ಳುತ್ತವೆ. ಒಂದೇ ಡಬ್ಬಿಯ ಬ್ಲೂಟೂತ್ ಸ್ಪೀಕರಿನಲ್ಲಿ ಈ ಸುಖ ಸಿಗುವುದಿಲ್ಲ. ಸ್ಪೀಕರಿನ ಹಿಂಬದಿಯಲ್ಲಿ ಗಾಳಿತೂತು ಇದ್ದರೆ ಗೋಡೆಯಿಂದ 15–20 ಸೆಂ.ಮೀ. ಮುಂದಕ್ಕೆ ತನ್ನಿ. ಗೋಡೆಗೆ ಒತ್ತಿಟ್ಟರೆ ಬಾಸ್ ಗುಂಯ್‌ಗುಟ್ಟಿ ಮಾತೇ ಅಸ್ಪಷ್ಟವಾಗುತ್ತದೆ.

ಬಾಸ್ ತೀರಾ ಸಪ್ಪೆ ಅನ್ನಿಸಿದರೆ ಸೆಟ್ಟನ್ನು ಬಯ್ಯುವ ಮೊದಲು ವೈರ್ ನೋಡಿ. ಒಂದು ಸ್ಪೀಕರಿಗೆ ಪ್ಲಸ್-ಮೈನಸ್ ಅದಲುಬದಲಾಗಿದ್ದರೆ ಒಂದರ ಕೋನ್ (ಅದುರಿ ಸದ್ದು ಹೊರಡಿಸುವ ಪರದೆ) ಮುಂದೆ ಬರುವಾಗ ಇನ್ನೊಂದರದು ಹಿಂದೆ ಹೋಗಿ, ಬಾಸ್ ಪರಸ್ಪರ ಕರಗಿಬಿಡುತ್ತದೆ. ವೈರಿನ ಗುರುತು ಅಳಿಸಿದ್ದರೆ ಎರಡೂ ತುದಿಗಳನ್ನು ಯೂನಿಟ್‌ನಿಂದ ಬಿಚ್ಚಿ, 1.5 ವೋಲ್ಟಿನ ಸೆಲ್ಲಿಗೆ ಒಂದು ಕ್ಷಣ ತಾಗಿಸಿ. ಕೋನ್ ಹೊರಕ್ಕೆ ಜಿಗಿದರೆ ಸೆಲ್ಲಿನ ಪ್ಲಸ್‌ಗೆ ತಾಗಿದ್ದೇ ಪ್ಲಸ್ ವೈರ್.

ವಾಟ್ ವಿಷಯದಲ್ಲಿ ಪೆಟ್ಟಿಗೆಯ ಮೇಲಿನ ಅಂಕಿಯನ್ನು ನಂಬಬೇಡಿ. ಅದನ್ನು ಹೆಚ್ಚಾಗಿ ದನಿ 10% ಒಡೆಯುವ ಮಟ್ಟದಲ್ಲಿ ಅಳೆದಿರುತ್ತಾರೆ. ಶುದ್ಧವಾಗಿ ಕೇಳಿಸುವುದು ಅದಕ್ಕಿಂತ ಸಾಕಷ್ಟು ಕಡಿಮೆ. 15 ವಾಟ್ ಬಿಟ್ಟು 30 ವಾಟಿನದು ಕೊಂಡರೂ ಹೆಚ್ಚುವುದು 3 ಡೆಸಿಬೆಲ್ ಮಾತ್ರ. ಸಾಧಾರಣ ಕೋಣೆಗೆ 15 ಧಾರಾಳ. ಬಾಸ್ ಬೂಸ್ಟ್ ಗುಂಡಿ ಕಡಿಮೆ ವಾಲ್ಯೂಮ್‌ಗಷ್ಟೇ ಸರಿ. ಜೋರಾಗಿ ಕೇಳುವಾಗ ಅದನ್ನು ಒತ್ತಿದರೆ ಮೂರು-ನಾಲ್ಕು ಇಂಚಿನ ಕೋನ್ ತಡೆಯಲಾರದೆ ಗರಗರ ಅನ್ನುತ್ತದೆ.

ಕೆಡುವುದು ಹೆಚ್ಚಾಗಿ ಓಡಾಡುವ ಭಾಗಗಳು. ಮೊದಲ ಸರದಿ ಸಿಡಿ ಟ್ರೇಯದು. ಒಳಗೆ ಮೋಟರ್ ಸುತ್ತುವ ಸದ್ದು ಕೇಳಿಸುತ್ತದೆ, ಟ್ರೇ ಮಾತ್ರ ಬರುವುದಿಲ್ಲ. ಬೆರಳಿಂದ ಎಳೆದರೆ ಬರುತ್ತದೆ. ಹಾಗಿದ್ದರೆ ರಬ್ಬರ್ ಬೆಲ್ಟ್ ಸಡಿಲವಾಗಿದೆ. ಪ್ಲಗ್ ಕಿತ್ತು, ಮುಚ್ಚಳ ಬಿಚ್ಚಿ, ಹಳೆಯದಕ್ಕಿಂತ ಸುಮಾರು 5% ಸಣ್ಣ ಅಳತೆಯ ಬೆಲ್ಟ್ ಹಾಕಿ. ಹಾಕುವ ಮುಂಚೆ ಬೆಲ್ಟ್ ಸುತ್ತುವ ಗಾಲಿಯನ್ನು, ಅಂದರೆ ಪುಲ್ಲಿಯನ್ನು, ಐಸೊಪ್ರೊಪೈಲ್ ಆಲ್ಕೊಹಾಲಿನಿಂದ ಒರೆಸಲೇಬೇಕು, ಇಲ್ಲದಿದ್ದರೆ ಹೊಸದೂ ಜಾರುತ್ತದೆ. ಅಂಗಡಿಯ ಸಿಡಿ ಓಡಿ, ನೀವೇ ಬರೆದ ಸಿಡಿ ತಡವರಿಸಿದರೆ ಲೆನ್ಸ್‌ಗೆ ಧೂಳು ಕೂತಿದೆ ಅಥವಾ ಲೇಸರ್ ಸೋತಿದೆ. ಬರೆದ ಸಿಡಿ ಬೆಳಕನ್ನು ಕಡಿಮೆ ಪ್ರತಿಫಲಿಸುವುದರಿಂದ ತೊಂದರೆ ಅಲ್ಲೇ ಮೊದಲು ಕಾಣುತ್ತದೆ. ಹತ್ತಿಕಡ್ಡಿಗೆ ಅದೇ ಆಲ್ಕೊಹಾಲ್ ಒಂದು ಹನಿ ಹಾಕಿ, ಒತ್ತದೆ ಒರೆಸಿ ನೋಡಿ.

ಆಮೇಲೆ ವಾಲ್ಯೂಮ್ ಗುಂಡಿ. ಏರಿಸಲು ತಿರುಗಿಸಿದರೆ ಇಳಿಯುವುದು, ಜಿಗಿಯುವುದು ಶುರುವಾಗುತ್ತದೆ. ಕಾಂಟ್ಯಾಕ್ಟ್ ಕ್ಲೀನರ್ ಸ್ವಲ್ಪ ಬಿಟ್ಟು ಹತ್ತಿಪ್ಪತ್ತು ಸಲ ತಿರುಗಿಸಿದರೆ ಸಾಮಾನ್ಯವಾಗಿ ಸರಿಹೋಗುತ್ತದೆ.

ಬ್ಲೂಟೂತ್ ಸಲೀಸು, ದೂರುವಂಥದ್ದೇನಿಲ್ಲ. ಯುಎಸ್‌ಬಿ ಪೆನ್‌ಡ್ರೈವ್ ಓದದಿದ್ದರೆ ಫ್ಯಾಟ್‌32ಗೆ ಫಾರ್ಮ್ಯಾಟ್ ಮಾಡಿ ಎಂಪಿ3 ಹಾಕಿ. ಎಫ್‌ಎಂ ವೈರನ್ನು ಸುರುಳಿ ಸುತ್ತಿಡದೆ ಉದ್ದಕ್ಕೆ ಚಾಚಿ. ಸುಮಾರು 75 ಸೆಂ.ಮೀ. ನೇರವಾಗಿದ್ದರೆ ಸಾಕು. ನನಗೆ ನಿಜಕ್ಕೂ ಬೇಸರ ತರಿಸುವುದು ತಾನಾಗಿ ಆಫ್ ಆಗುವ ಸೌಲಭ್ಯ: ಆಕ್ಸ್‌ನಲ್ಲಿ ಮೆಲುದನಿ ಬಂದರೆ ಹಾಡು ನಿಂತಿದೆ ಎಂದುಕೊಂಡು ನಡುವೆಯೇ ಮಲಗಿಬಿಡುತ್ತದೆ. ಮೊಬೈಲಿನ ವಾಲ್ಯೂಮ್ 80%ಗೆ ಏರಿಸಿ, ಸೆಟ್ಟಿನದನ್ನು ಇಳಿಸಿದರೆ ಈ ಕಾಟ ಬಹುಮಟ್ಟಿಗೆ ತಪ್ಪುತ್ತದೆ. ಲ್ಯಾಪ್‌ಟಾಪ್ ಚಾರ್ಜಿಗಿದ್ದಾಗ ಮಾತ್ರ ಝುಂ ಎಂಬ ಸದ್ದು ಬಂದರೆ ದೋಷ ಸೆಟ್ಟಿನದಲ್ಲ, ಗ್ರೌಂಡ್ ಲೂಪಿನದು, ಅಂದರೆ ಚಾರ್ಜರ್ ಮತ್ತು ಆಕ್ಸ್ ವೈರಿನ ಮೂಲಕ ಎರಡರ ಗ್ರೌಂಡ್ ಸೇರಿ ಆಗುವ ಸುತ್ತಿನದು. ಬ್ಲೂಟೂತ್‌ನಲ್ಲಿ ಕೇಳಿ, ಇಲ್ಲವೇ ಆಕ್ಸ್ ವೈರಿನ ನಡುವೆ ಈ ಸುತ್ತನ್ನು ಕಡಿಯುವ ಐಸೊಲೇಟರ್ ಹಾಕಿ.

ಕೊಳ್ಳುವಾಗ ಯೂನಿಟ್ಟಿನ ಹಿಂಬದಿ ತಿರುಗಿಸಿ ನೋಡಿ. ಬರಿ ವೈರ್ ಸಿಕ್ಕಿಸುವ ಸ್ಪ್ರಿಂಗ್ ಕ್ಲಿಪ್ ಇದ್ದರೆ ಮುಂದೆ ಒಳ್ಳೆಯ ಸ್ಪೀಕರ್ ಜೋಡಿಸಬಹುದು, ಹಿಂಬದಿ ನಮೂದಿಸಿದ ಓಮ್‌ಗಿಂತ (ಸ್ಪೀಕರಿನ ವಿದ್ಯುತ್ ತಡೆಯ ಅಳತೆ) ಕಡಿಮೆಯದನ್ನು ಮಾತ್ರ ಹಾಕಬಾರದು. ಕಂಪನಿಯದೇ ವಿಚಿತ್ರ ಪ್ಲಗ್ ಇದ್ದರೆ ಆ ಮಾಡೆಲ್ ಬಿಡಿ.