ಜುಲಿಪ್: ಬಗ್ ಒಂದು ಕಡೆ, ಮಾತು ಇನ್ನೊಂದು ಕಡೆ

ಕನ್ನಡ ಕೀಬೋರ್ಡಿನ ಒಂದು ಚಿಕ್ಕ ಓಪನ್ ಸೋರ್ಸ್ (ಕೋಡ್ ಎಲ್ಲರಿಗೂ ತೆರೆದಿರುವ) ಪ್ರಾಜೆಕ್ಟ್ ನಮ್ಮದು. ನಾನಿರುವುದು ಪುಣೆಯ ವಾಕಡ್‌ನಲ್ಲಿ, ಒಬ್ಬರು ಮುಂಬೈನ ಮಾಟುಂಗಾದಲ್ಲಿ, ಇನ್ನೊಬ್ಬರು ಗೋವಾದ ವಾಸ್ಕೋದಲ್ಲಿ. ಹಗಲು ಎಲ್ಲರಿಗೂ ಬೇರೆ ನೌಕರಿ. ಒಬ್ಬರು ಬರೆದದ್ದನ್ನು ಇನ್ನೊಬ್ಬರು ಓದುವುದು ರಾತ್ರಿ ಊಟ ಆದ ಮೇಲೆ, ಕೆಲವು ಸಲ ಎರಡು ದಿನ ಬಿಟ್ಟು. ವಾಟ್ಸಾಪ್ ಗುಂಪಿನಲ್ಲಿ ಅಷ್ಟರೊಳಗೆ ಗಣಪತಿ ಹಬ್ಬದ ಫಾರ್ವರ್ಡ್‌ಗಳ ಕೆಳಗೆ ಬಗ್ (ಪ್ರೋಗ್ರಾಮಿನ ದೋಷ) ಹೂತುಹೋಗಿರುತ್ತಿತ್ತು. ಹಾಗಾಗಿ ಜುಲಿಪ್‌ಗೆ ಬಂದೆವು. ವರ್ಷಗಳಾದವು, ಇನ್ನೂ ಬಿಟ್ಟಿಲ್ಲ.

ಇದೂ ಚಾಟ್ ಆ್ಯಪ್ಪೇ. 2015ರಿಂದ ಓಪನ್ ಸೋರ್ಸ್, ರಸ್ಟ್ ಅನ್ನುವ ಪ್ರೋಗ್ರಾಮಿಂಗ್ ಭಾಷೆಯ ತಂಡದವರೂ ಬಳಸುತ್ತಾರೆ. ವಿಶೇಷ ಅಂದರೆ ಚಾನೆಲ್ ಒಳಗೆ ಪ್ರತಿ ಮಾತಿಗೂ ಒಂದು ಟಾಪಿಕ್ ಇರುತ್ತದೆ. ಎರಡು ದಿನ ಬಿಟ್ಟು ಬಂದವರು ತಮಗೆ ಬೇಕಾದ ಟಾಪಿಕ್ ತೆಗೆದು, ಬಿಟ್ಟ ಕಡೆಯಿಂದ ಓದಿಕೊಂಡು ಹೋಗಬಹುದು.

ಒಂದು ಬಗ್ ಹೇಳುತ್ತೇನೆ. ‘ರ‍್ಯಾಂಕ್’ ಅಂತ ಬರೆಯಲು ಹೋದರೆ ಕೆಲವು ಆ್ಯಪ್‌ಗಳಲ್ಲಿ ‘ರ್ಯಾಂಕ್’ ಅಂತ ಅರ್ಕಾವತ್ತು ಬರುತ್ತಿತ್ತು. “ನನ್ನ ಫೋನಲ್ಲಿ ಸರಿಯಾಗೇ ಬರ್ತಿದೆಯಲ್ಲ ಸರ್” ಅಂದರು ವಾಸ್ಕೋದವರು. (ಬಗ್‌ಗಳ ಲೆಕ್ಕ ಇಡುವ ಬಗ್‌ಜಿಲ್ಲಾ ಅನ್ನುವ ತಂತ್ರಾಂಶದಲ್ಲಿ ‘ವರ್ಕ್ಸ್ ಫಾರ್ ಮಿ’ ಅಂತಲೇ ಒಂದು ಷರಾ ಬರೆದು ಬಗ್ ಮುಚ್ಚಬಹುದು, ಗೊತ್ತಾ!) ತಪ್ಪು ಫಾಂಟಿನದೋ ಕೀಬೋರ್ಡಿನದೋ ಅನ್ನುವ ವಾದ ಪೂರ್ತಿ ಜುಲಿಪ್‌ನ ಒಂದೇ ಟಾಪಿಕ್‌ನಲ್ಲಿ ನಡೆಯಿತು. ಸ್ಕ್ರೀನ್‌ಶಾಟ್, ಅನುಮಾನ, ಜಗಳ ಎಲ್ಲ ಅಲ್ಲೇ. ಕೊನೆಗೆ ಸಿಕ್ಕಿದ್ದು ಇಷ್ಟು: ಕಣ್ಣಿಗೆ ಕಾಣದ ಜೋಡಕ ಅಕ್ಷರ ‘ರ’ ಆದ ಕೂಡಲೇ, ಹಲಂತಕ್ಕಿಂತ (ಅಕ್ಷರದ ಸ್ವರ ತೆಗೆಯುವ ಚಿಹ್ನೆ) ಮೊದಲು ಬರಬೇಕು, ನಮ್ಮ ಕೀಬೋರ್ಡ್ ಅದನ್ನು ಹಲಂತದ ನಂತರ ಹಾಕುತ್ತಿತ್ತು. ಗಿಟ್‌ಹಬ್ ಇಶ್ಯೂಗೆ (ಕೋಡ್ ಇಡುವ ತಾಣದಲ್ಲಿ ಬಗ್ ದಾಖಲಿಸುವ ಪುಟ) ಹೋಗಿದ್ದು ಈ ತೀರ್ಮಾನ, ಯಾವ ಆ್ಯಪ್, ಏನು ಒತ್ತಿದರೆ ಏನು ಬಂತು, ಇಷ್ಟೇ. ಹೊಸಬರು ಇಶ್ಯೂ ತೆರೆದರೆ ಒಂದು ನಿಮಿಷದಲ್ಲಿ ಅರ್ಥವಾಗುತ್ತದೆ.

ಇದನ್ನು ಜುಲಿಪ್ ತಾನಾಗೇ ಮಾಡಿಕೊಡುವುದಿಲ್ಲ, ಅದು ನೆನಪಿರಲಿ. ತೀರ್ಮಾನವನ್ನು ಇಶ್ಯೂಗೆ ಬರೆದವರೇ ಟಾಪಿಕ್‌ಗೆ ‘ಬಗೆಹರಿಯಿತು’ ಅನ್ನುವ ಟಿಕ್ ಹಾಕಬೇಕು ಅಂತ ನಾವೇ ಮಾಡಿಕೊಂಡ ಕಟ್ಟಳೆ ಇದೆ. ಒಮ್ಮೆ ಸೆಟ್ಟಿಂಗ್ಸ್‌ನಲ್ಲಿ ಹೇಳಿಕೊಟ್ಟರೆ, ಮೆಸೇಜಿನಲ್ಲಿ ಬರೆದ ಇಶ್ಯೂ ನಂಬರ್ ತಾನೇ ಲಿಂಕ್ ಆಗುತ್ತದೆ. ದಾರಿ ತಪ್ಪಿದ ಮಾತನ್ನು ಎತ್ತಿ ಬೇರೆ ಟಾಪಿಕ್‌ಗೆ ಹಾಕಲೂಬಹುದು. ನನಗೆ ಎಲ್ಲಕ್ಕಿಂತ ಜಾಸ್ತಿ ಉಪಯೋಗಕ್ಕೆ ಬಂದಿದ್ದು ಇದೇ.

ಕಿರಿಕಿರಿಯೂ ಇದೆ. ಮೊದಲ ಸಲ ತೆರೆದವರಿಗೆ ಪರದೆ ಗಿಜಿಗಿಜಿ ಅನಿಸುತ್ತದೆ. ಸುಮ್ನೆ ಒಂದು ‘ಹಾಯ್’ ಹೇಳಲೂ ಟಾಪಿಕ್ ಯಾವುದು ಅಂತ ಯೋಚಿಸಬೇಕಾ ಅಂತ ಕೇಳಿದವರಿದ್ದಾರೆ. ಮಾಮೂಲಿ ಉಚಿತ ಪ್ಲಾನ್‌ನಲ್ಲಿ ಹಿಂದಿನ 10,000 ಮೆಸೇಜ್‌ವರೆಗೆ ಮಾತ್ರ ಹುಡುಕಬಹುದು. ಓಪನ್ ಸೋರ್ಸ್ ಪ್ರಾಜೆಕ್ಟ್ ಅಂತ ಅರ್ಜಿ ಹಾಕಿದರೆ ದೊಡ್ಡ ಪ್ಲಾನ್ ಪುಕ್ಕಟೆ ಕೊಡುತ್ತಾರೆ, ಹಾಕಿ. ಹುಡುಕಾಟ ಮೂಲತಃ ಇಂಗ್ಲಿಷ್‌ಗೆ ಅಂತ ಮಾಡಿದ್ದು. ಸ್ವಂತ ಸರ್ವರ್ ಇದ್ದವರು ಪಿಜಿಗ್ರೂಂಗಾ ಅನ್ನುವ ಹುಡುಕಾಟದ ಸೇರ್ಪಡೆ ಹಾಕಿಕೊಂಡರೆ ಬೇರೆ ಭಾಷೆಗಳಿಗೂ ನಡೆಯುತ್ತದೆ. ನಾವು ಅಷ್ಟು ದೂರ ಹೋಗಿಲ್ಲ, ಟಾಪಿಕ್ ಹೆಸರಿಗೇ ಇಶ್ಯೂ ನಂಬರ್ ಸೇರಿಸಿ, ಅದನ್ನೇ ಹುಡುಕುತ್ತೇವೆ.

ಇಬ್ಬರೇ ಇರುವ ಪ್ರಾಜೆಕ್ಟ್ ಆದರೆ ಇದೆಲ್ಲ ಬೇಡ, ಇಶ್ಯೂ ಕೆಳಗಿನ ಕಾಮೆಂಟೇ ಸಾಕು.