ವಿಧಿ ಬರೆದ ಪ್ರೇಮ, ಮನೆಯಲ್ಲುಳಿದ ಗಂಡ

ಕಾಲಯಾನದ ಪ್ರೇಮಕಾದಂಬರಿಗಳಲ್ಲಿ ದಾಂಪತ್ಯದ್ರೋಹಕ್ಕೆ ವಿಚಿತ್ರವಾದೊಂದು ರಿಯಾಯಿತಿ ಸಿಗುತ್ತದೆ. ಪಕ್ಕದ ಬೀದಿಯವನೊಡನೆ ಹೊರಟುಹೋದ ಹೆಂಡತಿಯನ್ನು ಸುಲಭವಾಗಿ ಕ್ಷಮಿಸದ ಓದುಗರೇ, ಇನ್ನೂರು ವರ್ಷ ಹಿಂದಕ್ಕೆ ಹೋಗಿ ಇನ್ನೊಬ್ಬನನ್ನು ಮದುವೆಯಾದವಳನ್ನು ಮನಸಾರೆ ಹರಸುತ್ತಾರೆ. ನಮ್ಮ ಪುನರ್ಜನ್ಮದ ಕಥೆಗಳಲ್ಲಿ ಈ ತೊಡಕು ಏಳುವುದಿಲ್ಲ. ಅಲ್ಲಿ ನಡುವೆ ಸಾವು ಬಂದು ಹಿಂದಿನ ಲೆಕ್ಕವನ್ನು ಚುಕ್ತಾ ಮಾಡಿರುತ್ತದೆ, ಋಣಾನುಬಂಧವೊಂದು ಮಾತ್ರ ಮುಂದಿನ ಜನ್ಮಕ್ಕೆ ದಾಟುತ್ತದೆ. ಕಾಲಯಾನದ ಕಥೆಯಲ್ಲಾದರೋ ಬಿಟ್ಟುಬಂದ ಗಂಡ ತನ್ನ ಕಾಲದಲ್ಲಿ ಜೀವಂತವಾಗಿಯೇ ಇರುತ್ತಾನೆ, ಹೆಂಡತಿಯನ್ನು ಹುಡುಕುತ್ತಲೂ ಇರುತ್ತಾನೆ. ಆದ್ದರಿಂದ ಈ ಬಗೆಯ ಮೂರು ಹೆಸರಾಂತ ಕಾದಂಬರಿಗಳನ್ನು ಒಂದರ ಬೆನ್ನಿಗೊಂದು ಓದುವಾಗ ನಾನು ಪ್ರೇಮಿಗಳಿಗಿಂತ ಹೆಚ್ಚಾಗಿ ಆ ಮೂರನೆಯ ವ್ಯಕ್ತಿಯ ಮೇಲೆಯೇ ಕಣ್ಣಿಟ್ಟೆ.

ರಿಚರ್ಡ್ ಮ್ಯಾಥೆಸನ್ 1975ರಲ್ಲಿ ಪ್ರಕಟಿಸಿದ ‘ಬಿಡ್ ಟೈಮ್ ರಿಟರ್ನ್’ ಈ ಪರೀಕ್ಷೆಗೆ ಕುಳಿತುಕೊಳ್ಳುವುದೇ ಇಲ್ಲ. ಸಾವಿನ ಅಂಚಿನಲ್ಲಿರುವ ಬರಹಗಾರನೊಬ್ಬ ಹಳೆಯ ಹೋಟೆಲಿನಲ್ಲಿ ನಟಿಯೊಬ್ಬಳ ಛಾಯಾಚಿತ್ರವನ್ನು ಕಂಡು ಮನಸೋತು, ತನ್ನನ್ನು ತಾನೇ ಸಮ್ಮೋಹನಗೊಳಿಸಿಕೊಂಡು, 1971ರಿಂದ 1896ಕ್ಕೆ ಹೋಗುತ್ತಾನೆ. ಅವನಿಗೆ ಹೆಂಡತಿಯಿಲ್ಲ, ಅವಳಿಗೆ ಗಂಡನಿಲ್ಲ. ಅಡ್ಡಬರುವವನು ಅವಳ ನಾಟಕಗಳ ವ್ಯವಸ್ಥಾಪಕ ಮಾತ್ರ. ಕೋಟಿನಲ್ಲಿ ಉಳಿದುಹೋದ 1971ರ ಒಂದು ನಾಣ್ಯ ಅವನನ್ನು ಮರಳಿ ಎಳೆದು ತರುವ ಪ್ರಸಂಗ ಇಂದಿಗೂ ಎದೆ ಹಿಂಡುತ್ತದೆ. ಆದರೂ ಯಾರಿಗೂ ಮಾತು ಕೊಡದಿದ್ದವರ ಪ್ರೇಮದಲ್ಲಿ ಮಾತಿಗೆ ತಪ್ಪುವ ಪ್ರಶ್ನೆ ಹುಟ್ಟುವುದಿಲ್ಲವಾದ್ದರಿಂದ, ಹೋಲಿಕೆಯ ನಿಜವಾದ ಕಣ ಉಳಿದೆರಡು ಕಾದಂಬರಿಗಳ ನಡುವಿನದು.

ಡಯಾನಾ ಗ್ಯಾಬಾಲ್ಡನ್ ಅವರ ‘ಔಟ್‌ಲ್ಯಾಂಡರ್’ 1991ರಲ್ಲಿ ಹೊರಬಂದಿತು. ಎರಡನೇ ಮಹಾಯುದ್ಧದಲ್ಲಿ ದಾದಿಯಾಗಿದ್ದ ಕ್ಲೇರ್, ಗಂಡ ಫ್ರ್ಯಾಂಕ್‌ನೊಡನೆ ಸ್ಕಾಟ್ಲೆಂಡಿನ ಇನ್ವರ್‌ನೆಸ್‌ಗೆ ಬಂದವಳು, ನಿಲುಗಲ್ಲುಗಳ ವೃತ್ತವೊಂದನ್ನು ದಾಟಿ 1743ಕ್ಕೆ ಬೀಳುತ್ತಾಳೆ. ಅಲ್ಲಿ ಇಂಗ್ಲಿಷ್ ಸೇನಾಧಿಕಾರಿಯೊಬ್ಬನ ಕೈಗೆ ಸಿಗದಿರಲೆಂದು ಜೇಮಿ ಫ್ರೇಸರ್ ಎಂಬ ತರುಣನೊಡನೆ ಅವಳ ಮದುವೆ ನಡೆಯುತ್ತದೆ. ಒಂದು ಕೈಯಲ್ಲಿ ಫ್ರ್ಯಾಂಕ್ ತೊಡಿಸಿದ ಚಿನ್ನದ ಉಂಗುರ, ಇನ್ನೊಂದರಲ್ಲಿ ಜೇಮಿ ತೊಡಿಸಿದ ಬೆಳ್ಳಿಯ ಉಂಗುರ. ಲೇಖಕಿ ಎರಡನ್ನೂ ಬಿಡಿಸುವುದಿಲ್ಲ, ಮತ್ತು ಅವರ ಜಾಣ್ಮೆಯಿರುವುದು ಇಲ್ಲಿಯೇ. ಗಂಡ ಇನ್ನೂ ಹುಟ್ಟಿಯೇ ಇಲ್ಲದ ಶತಮಾನದಲ್ಲಿ ಅವನಿಗೆ ದ್ರೋಹ ಬಗೆಯಲು ಸಾಧ್ಯವೇ ಎಂಬ ತರ್ಕ ಕ್ಲೇರ್‌ಗೆ ಕೈಗೆಟುಕುವಂತಿದ್ದರೂ ಅವಳು ಅದರ ಹಿಂದೆ ಬಚ್ಚಿಟ್ಟುಕೊಳ್ಳುವುದಿಲ್ಲ. ಕಥೆಯ ಕೊನೆಯ ಭಾಗದಲ್ಲಿ ಪಾದ್ರಿಯೊಬ್ಬರ ಮುಂದೆ ಕುಳಿತು ತನ್ನ ಎರಡೂ ಮದುವೆಗಳ ವೃತ್ತಾಂತವನ್ನು ಒಪ್ಪಿಸುತ್ತಾಳೆ.

ಇದಕ್ಕಿಂತಲೂ ಸೂಕ್ಷ್ಮವಾದ ಒಂದು ಸನ್ನಿವೇಶ ಕಾದಂಬರಿಯ ಮೊದಲ ಪುಟಗಳಲ್ಲಿದೆ. ಮಳೆಯ ರಾತ್ರಿಯೊಂದರಲ್ಲಿ ಫ್ರ್ಯಾಂಕ್ ವಸತಿಗೃಹದ ಹೊರಗೆ, ತನ್ನ ಹೆಂಡತಿಯಿದ್ದ ಕಿಟಕಿಯತ್ತಲೇ ನೋಡುತ್ತ ನಿಂತ ಹೈಲ್ಯಾಂಡ್ ಉಡುಪಿನ ಗಂಡಸನ್ನು ಕಾಣುತ್ತಾನೆ. ಆ ಆಕೃತಿ ಕಣ್ಮರೆಯಾದ ಮೇಲೆ ಒಳಗೆ ಬಂದು, ಯುದ್ಧಕಾಲದಲ್ಲಿ ನೀನು ಆರೈಕೆ ಮಾಡಿದ ಯಾವನಾದರೂ ನಿನ್ನನ್ನು ಹುಡುಕಿಕೊಂಡು ಬಂದಿರಬಹುದೇ ಎಂದು ಅಳುಕುತ್ತ ಕೇಳುತ್ತಾನೆ. ಕ್ಲೇರ್ ಸಿಡಿದೇಳುತ್ತಾಳೆ, ಅವಳಿಗೆ ಅಂಥ ಯಾರೂ ಇಲ್ಲ. ಕಿಟಕಿಯ ಕೆಳಗೆ ನಿಂತವನು ಯಾರಿರಬಹುದೆಂದು ಮುಂದೆ ಓದುಗ ಊಹಿಸಿಕೊಂಡಾಗ, ಫ್ರ್ಯಾಂಕ್‌ನ ಸಂಶಯ ಏಕಕಾಲಕ್ಕೆ ಅನ್ಯಾಯವಾಗಿಯೂ ನಿಜವಾಗಿಯೂ ತೋರತೊಡಗುತ್ತದೆ. ವಿಧಿಯನ್ನೂ ದ್ರೋಹವನ್ನೂ ಇಷ್ಟು ಬಿಗಿಯಾಗಿ ಹೆಣೆದ ಇನ್ನೊಂದು ದೃಶ್ಯ ಈ ಮೂರು ಪುಸ್ತಕಗಳಲ್ಲಿ ನನಗೆ ಸಿಗಲಿಲ್ಲ.

ಆದರೆ ಅದೇ ಲೇಖಕಿ ತಕ್ಕಡಿಯನ್ನು ಒಂದು ಕಡೆಗೆ ಒತ್ತಿ ಹಿಡಿಯುತ್ತಾರೆಂಬ ದೂರೂ ನನ್ನದಿದೆ. ಕ್ಲೇರ್‌ಳನ್ನು ಕಾಡುವ ಆ ಕ್ರೂರ ಅಧಿಕಾರಿಗೆ ಫ್ರ್ಯಾಂಕ್‌ನದೇ ಮುಖ, ಫ್ರ್ಯಾಂಕ್‌ನದೇ ಮನೆತನದ ಹೆಸರು. ಆ ಮುಖವನ್ನು ಕಂಡಾಗಲೆಲ್ಲ ನಮಗೆ ಹೇಸಿಗೆಯಾಗುವಂತೆ ಮಾಡಿದ ಮೇಲೆ, ಅದನ್ನು ಹೊತ್ತ ಸಾಧು ಗಂಡನನ್ನು ಬಿಟ್ಟುಬರುವುದು ಹೆಚ್ಚು ಕಷ್ಟವೆನಿಸುವುದಿಲ್ಲ. ಮುಂದಿನ ಸಂಪುಟಗಳಲ್ಲಿ ಕ್ಲೇರ್ ಜೇಮಿಯಿಂದ ಗರ್ಭಿಣಿಯಾಗಿ ತನ್ನ ಕಾಲಕ್ಕೆ ಮರಳಿದಾಗ, ಫ್ರ್ಯಾಂಕ್ ಆ ಮತ್ತೊಬ್ಬನ ಮಗಳನ್ನು ತನ್ನವಳೆಂದೇ ಬೆಳೆಸುತ್ತಾನೆ. ಹಾಗಿದ್ದೂ ಅವನಿಗೆ ಬೇರೆ ಹೆಣ್ಣುಗಳ ಸಂಗವಿತ್ತೆಂದು ಕ್ಲೇರ್ ಹೇಳುತ್ತಾಳೆ, ನಾವು ಅದನ್ನು ಅವಳ ಬಾಯಿಂದಲೇ ಕೇಳಬೇಕು. ಕಥೆ ಹೇಳುವವಳೇ ಕಕ್ಷಿಯೂ ಆಗಿರುವಾಗ ಆ ಸಾಕ್ಷ್ಯಕ್ಕೆ ಎಷ್ಟು ತೂಕ ಕೊಡಬೇಕೆಂಬುದನ್ನು ಓದುಗರೇ ನಿರ್ಧರಿಸಿಕೊಳ್ಳಲಿ.

ಆಡ್ರಿ ನಿಫೆನೆಗರ್ ಅವರ ‘ದಿ ಟೈಮ್ ಟ್ರಾವೆಲರ್ಸ್ ವೈಫ್’ (2003) ಇದಕ್ಕೆ ತದ್ವಿರುದ್ಧವಾದ ದಾರಿ ಹಿಡಿಯುತ್ತದೆ. ಷಿಕಾಗೋದ ನ್ಯೂಬೆರಿ ಗ್ರಂಥಾಲಯದಲ್ಲಿ ಕೆಲಸ ಮಾಡುವ ಹೆನ್ರಿ ತನ್ನ ಇಚ್ಛೆಯಿಲ್ಲದೆಯೇ ಕಾಲದಲ್ಲಿ ಹಿಂದುಮುಂದಾಗಿ ಜಾರುತ್ತಿರುತ್ತಾನೆ. ಅವನ ಹೆಂಡತಿಯಾಗಲಿರುವ ಕ್ಲೇರ್ (ಇಬ್ಬರು ನಾಯಕಿಯರಿಗೂ ಉಚ್ಚಾರದಲ್ಲಿ ಒಂದೇ ಹೆಸರು) ಅವನನ್ನು ಮೊದಲು ಕಾಣುವುದು ತನ್ನ ಆರನೆಯ ವಯಸ್ಸಿನಲ್ಲಿ. ಆಗ ಅವನಿಗೆ 36. ಇಬ್ಬರ ಸಹಜ ಕಾಲ ಕೂಡಿಬರುವುದು 1991ರಲ್ಲಿ, ಅವಳಿಗೆ 20, ಅವನಿಗೆ 28. ಅಷ್ಟರಲ್ಲಿ ಅವಳ ಬಾಲ್ಯ, ಹರೆಯ ಎಲ್ಲವೂ ಅವನಿಗಾಗಿ ಮೀಸಲಾಗಿವೆ, ಅವನಿಗೋ ಅವಳು ಯಾರೆಂಬುದೇ ಗೊತ್ತಿಲ್ಲ. ಅವನ ಬಾಳಿನಲ್ಲಿ ಇಂಗ್ರಿಡ್ ಎಂಬವಳಿದ್ದಾಳೆ. ವಿಧಿಯೇ ಹೆಣ್ಣನ್ನು ಗೊತ್ತುಮಾಡಿರುವಾಗ ಇಂಗ್ರಿಡ್‌ಳ ಮಾತಿಗೆ ಯಾವ ಬೆಲೆ? ಅವಳನ್ನು ಬಿಟ್ಟುಬಿಡುತ್ತಾನೆ, ಮುಂದೆ ಅವಳು ಆತ್ಮಹತ್ಯೆ ಮಾಡಿಕೊಳ್ಳುತ್ತಾಳೆ. ಪ್ರೇಮಕಥೆಯೆಂದು ಮೆಚ್ಚಿಕೊಂಡವರು ಈ ಸಾವಿನ ಮಾತೆತ್ತಿದ್ದನ್ನು ನಾನು ಕೇಳಿದ್ದು ಕಡಿಮೆ.

ಈ ಕಾದಂಬರಿಯ ಅತ್ಯಂತ ದಿಟ್ಟ ಪ್ರಸಂಗ ಮಗುವಿನದು. ಮೇಲಿಂದ ಮೇಲೆ ಗರ್ಭಪಾತವಾದದ್ದರಿಂದ ಬೇಸತ್ತ ಹೆನ್ರಿ ಮಕ್ಕಳಾಗದಂತೆ ಶಸ್ತ್ರಚಿಕಿತ್ಸೆ ಮಾಡಿಸಿಕೊಳ್ಳುತ್ತಾನೆ. ಆ ಬಳಿಕ ಹಿಂದಿನ ವರ್ಷಗಳಿಂದ ಬಂದಿಳಿದ ಹೆನ್ರಿಯೊಡನೆ, ಅಂದರೆ ಇನ್ನೂ ಶಸ್ತ್ರಚಿಕಿತ್ಸೆಯಾಗಿರದ ತನ್ನ ಗಂಡನೊಡನೆ ಕೂಡಿ ಕ್ಲೇರ್ ಗರ್ಭವತಿಯಾಗುತ್ತಾಳೆ. ಗಂಡನೊಡನೆಯೇ ಗಂಡನಿಗೆ ತಿಳಿಯದಂತೆ ಕೂಡಿದರೆ ಅದನ್ನು ಏನೆಂದು ಕರೆಯಬೇಕು? ಕಾಲಯಾನವಿಲ್ಲದೆ ಕೇಳಲಾಗದ ಪ್ರಶ್ನೆಯಿದು, ಹಾಗಾಗಿ ಈ ಪ್ರಕಾರಕ್ಕೆ ಸಾರ್ಥಕತೆ ಬರುವುದು ಇಂಥಲ್ಲಿಯೇ ಎಂದು ನನಗನ್ನಿಸುತ್ತದೆ. ಇದಕ್ಕೆ ಹೋಲಿಸಿದರೆ ಸ್ನೇಹಿತೆಯ ಗಂಡ ಗೋಮೆಜ್‌ನೊಡನೆ ಕ್ಲೇರ್‌ಗಿದ್ದ ಸಂಬಂಧವನ್ನು ಲೇಖಕಿ ಅವಸರದಲ್ಲಿ ಮುಗಿಸಿಬಿಟ್ಟಿದ್ದಾರೆ. ಹೆನ್ರಿ ತೀರಿಕೊಂಡ ನಂತರವೂ ಒಮ್ಮೆ ನಡೆಯುವ ಆ ಮಿಲನದಲ್ಲಿ ನಿಜಕ್ಕೂ ಮೋಸಹೋಗುವವಳು ಗೋಮೆಜ್‌ನ ಹೆಂಡತಿ, ಆದರೆ ಕಥೆ ಅವಳ ಮನೆಯ ಹೊಸ್ತಿಲಲ್ಲಿ ನಿಲ್ಲುವುದಿಲ್ಲ.

ರಚನೆಯ ಬಿಗಿಯಲ್ಲಿ ನಿಫೆನೆಗರ್ ಮುಂದಿದ್ದಾರೆ. ಆದರೆ ಎಲ್ಲವೂ ಮೊದಲೇ ನಡೆದುಹೋಗಿರುವ ಅವರ ಜಗತ್ತಿನಲ್ಲಿ ಯಾರೂ ಏನನ್ನೂ ಆರಿಸಿಕೊಳ್ಳುವಂತಿಲ್ಲವಾದ್ದರಿಂದ, ಅಲ್ಲಿ ನಿಷ್ಠೆಗೂ ದ್ರೋಹಕ್ಕೂ ಪೂರ್ತಿ ಅರ್ಥ ಬರುವುದಿಲ್ಲ. ಗ್ಯಾಬಾಲ್ಡನ್ ಅವರ ಕ್ಲೇರ್‌ಗೆ ಆಯ್ಕೆಯಿದೆ: ಜೇಮಿಯೇ ಅವಳನ್ನು ಕಲ್ಲುಗಳ ಬಳಿಗೆ ಕರೆದೊಯ್ದು ಹೋಗಲು ಬಿಡುತ್ತಾನೆ, ಅವಳು ಹೋಗದೆ ತಿರುಗಿ ಬರುತ್ತಾಳೆ. ದ್ರೋಹವೆಂದರೆ ಅದೇ, ಪ್ರೇಮವೆಂದರೂ ಅದೇ. ವಿಧಿಯ ಮೇಲೆ ಹೊರೆ ಹೊರಿಸುವಂತಿಲ್ಲ. ಆದ್ದರಿಂದ ಈ ವಿಷಯದ ಮಟ್ಟಿಗೆ ನನ್ನ ಒಲವು ‘ಔಟ್‌ಲ್ಯಾಂಡರ್’ ಕಡೆಗೇ.

ಅದನ್ನು ಕೈಗೆತ್ತಿಕೊಳ್ಳುವವರು ಮೊದಲ ಸಂಪುಟಕ್ಕೇ ನಿಲ್ಲಿಸದೆ 1993ರ ಮೂರನೆಯ ಸಂಪುಟ ‘ವಾಯೇಜರ್’ವರೆಗಾದರೂ ಓದಬೇಕು. ಇಪ್ಪತ್ತು ವರ್ಷಗಳ ನಂತರ ಮತ್ತೆ ಜೇಮಿಯ ಕಾಲಕ್ಕೆ ಮರಳಿದ ಕ್ಲೇರ್‌ಗೆ, ಜೇಮಿ ಇನ್ನೊಬ್ಬಳನ್ನು ಮದುವೆಯಾಗಿ ಆ ಸಂಗತಿಯನ್ನು ತನ್ನಿಂದ ಮುಚ್ಚಿಟ್ಟಿರುವುದು ಗೊತ್ತಾಗುತ್ತದೆ. ತಾನು ಫ್ರ್ಯಾಂಕ್‌ಗೆ ಉಣಿಸಿದ್ದನ್ನು ಅಲ್ಲಿ ಅವಳು ತಾನೇ ಉಣ್ಣಬೇಕಾಗುತ್ತದೆ.